ಮಗಳ ಗಿಟಾರಿನ ಪಿಕಪ್

"ಅಪ್ಪ, ಪಿಕಪ್ ಬದಲಾಯಿಸ್ಬೇಕು" ಎಂದು ಮಗಳು ಹೇಳಿದಾಗ ನಾನು ಬೀದಿಯ ಕಡೆ ನೋಡಿದೆ. ನಮ್ಮ ಶಿಡ್ಲಘಟ್ಟದಲ್ಲಿ ಪಿಕಪ್ ಎಂದರೆ ರೇಷ್ಮೆಗೂಡು ಹೊತ್ತು ಮಾರ್ಕೆಟ್ಟಿಗೆ ಬರುವ ಗಾಡಿ. ನನ್ನ ಅಂಗಡಿಗೆ ಸುಟ್ಟ ಬೋರ್‌ವೆಲ್ ಮೋಟರುಗಳು ಬಂದಿಳಿಯುವುದೂ ಅದರಲ್ಲೇ.

"ನಮ್ಮತ್ರ ಪಿಕಪ್ ಎಲ್ಲೈತಮ್ಮ? ಇರೋದೊಂದು ಸ್ಕೂಟರು."

ಮಗಳು ನಗುತ್ತಾ ನೆಲಕ್ಕೇ ಕೂತಳು. ಆಮೇಲೆ ತನ್ನ ಎಲೆಕ್ಟ್ರಿಕ್ ಗಿಟಾರನ್ನು ನನ್ನ ತೊಡೆಯ ಮೇಲಿಟ್ಟು, ತಂತಿಗಳ ಕೆಳಗಿದ್ದ ಕಪ್ಪು ಪಟ್ಟಿ ತೋರಿಸಿದಳು. "ಇದೇ ಪಿಕಪ್ಪು. ತಂತಿ ಅಲುಗಿದ್ದನ್ನ ಹಿಡಿದು ಸ್ಪೀಕರಿಗೆ ಕಳಿಸುತ್ತೆ. ಒಳಗೆ ಮ್ಯಾಗ್ನೆಟ್ಟು, ಅದರ ಸುತ್ತ ಕಾಯಿಲ್."

ಕಾಯಿಲ್! ನನ್ನ ಬೆನ್ನು ತಾನಾಗಿ ನೆಟ್ಟಗಾಯಿತು. ಏಳನೇ ಕ್ಲಾಸಿಗೆ ಸ್ಕೂಲು ಬಿಟ್ಟು ಮೋಟರ್ ಕಾಯಿಲ್ ಸುತ್ತಲು ಕೂತವನು ನಾನು. ಈ ಊರಿನ ಎಷ್ಟೋ ತೋಟಗಳಿಗೆ ನೀರು ಹಾಯುವುದು ನನ್ನ ಕೈಯಿಂದ.

ಅವಳದ್ದು ಅಗ್ಗದ ಗಿಟಾರು. ದನಿ ಕೇಳಿದರೆ ತಗಡಿನ ಡಬ್ಬಿಯೊಳಗೆ ಜೀರುಂಡೆ ಬಿಟ್ಟ ಹಾಗೆ. ಚಿಕ್ಕಬಳ್ಳಾಪುರದ ಅವಳ ಕಾಲೇಜಿನಲ್ಲಿ ಮುಂದಿನ ಶನಿವಾರ ಕಾಲೇಜ್ ಡೇ. ಹೋದ ಸಲ ಜನ ನಕ್ಕಿದ್ದರು. ಈ ಸಲ ಒಬ್ಬಳೇ ಸ್ಟೇಜಿನ ಮೇಲೆ ನುಡಿಸಬೇಕು. ಅದಕ್ಕೇ ಆನ್‌ಲೈನಲ್ಲಿ ಹೊಸ ಪಿಕಪ್ ತರಿಸಿದ್ದಳು. ಬೆಂಗಳೂರಿನ ಅಂಗಡಿಯಲ್ಲಿ ಹಾಕಿಸುತ್ತೇನೆ ಎಂದಳು. ನಾನು ಇರುವಾಗ ಬೆಂಗಳೂರೇ?

ಭಾನುವಾರ ಬೆಳಿಗ್ಗೆ ನಡುಮನೆಯಲ್ಲಿ ಚಾಪೆ ಹಾಸಿ ಕೂತೆ.

"ಬಿಚ್ಚೋಕೆ ಮುಂಚೆ ಒಂದು ಫೋಟೊ ತೆಕ್ಕೊಳಪ್ಪ, ಯಾವ ವೈರು ಎಲ್ಲಿಗೆ ಅಂತ."

"ತ್ರೀ ಫೇಸ್ ಮೋಟರ್ ಬಿಚ್ಚೋನು ಕಣಮ್ಮ ನಾನು. ಎರಡು ವೈರಿಗೆ ಫೋಟೊನಾ?"

ಪಕ್ಕದಲ್ಲಿ ಅವರೆಕಾಯಿ ಸುಲಿಯುತ್ತಿದ್ದ ನನ್ನ ಹೆಂಡತಿ ಚಿಂತಾಮಣಿ ಕಡೆಯವಳು. ಗೇಲಿ ಮಾಡಬೇಕಾದರೆ ಅವಳಿಗೆ ತೆಲುಗೇ ಬೇಕು. "ಅಯಿಪೋಯಿಂದಿ! ಮುಗೀತು ಗಿಟಾರಿನ ಕತೆ" ಎಂದಳು.

ಮುಗಿಯಲಿಲ್ಲ. ತಂತಿ ಸಡಿಲಿಸಿ, ಹಳೇ ಪಿಕಪ್ ತೆಗೆದು, ಹೊಸದರ ವೈರಿಗೆ ಮುತ್ತಿನಂಥ ಬೆಸುಗೆ ಹಾಕಿದೆ. ಉಳಿದದ್ದು ಪಿಕಪ್ಪನ್ನು ಮೇಲೆ ಕೆಳಗೆ ಮಾಡುವ ಎರಡು ಸ್ಕ್ರೂ. ಮೋಟರಿನಲ್ಲಿ ತಿರುಗುವ ರೋಟರಿಗೂ ಸುತ್ತಲಿನ ಕಾಯಿಲಿಗೂ ನಡುವೆ ಕೂದಲೆಳೆಯಷ್ಟೇ ಸಂದಿರಬೇಕು. ಸಂದು ಹೆಚ್ಚಾದರೆ ಮೋಟರು ಸೊರಗುತ್ತದೆ. ಇಲ್ಲೂ ಅದೇ ಲೆಕ್ಕ ಎಂದುಕೊಂಡು, ಪಿಕಪ್ಪನ್ನು ತಂತಿಗೆ ಇನ್ನೇನು ತಾಗಬೇಕು ಎನ್ನುವ ತನಕ ಏರಿಸಿದೆ.

ಮಗಳು ತಂತಿ ಬಿಗಿದು ಮೀಟಿದಳು. ದನಿಯೇನೋ ಜೋರಾಗಿತ್ತು. ಆದರೆ ಒಂದೊಂದು ಸ್ವರವೂ ಕುಡಿದವನ ನಡಿಗೆಯಂತೆ ವೊಂಯ್ ವೊಂಯ್ ಎಂದು ತೂರಾಡಿತು. ಮತ್ತೆ ಶ್ರುತಿ ಮಾಡಿದಳು. ಮತ್ತೆ ವೊಂಯ್.

"ಹಾಳಾಯ್ತಲ್ಲಪ್ಪ" ಎಂದಳು. ಹೆಂಡತಿ ಗೇಲಿ ಬಿಟ್ಟು ಅವರೆಕಾಯಿ ಮೊರ ಎತ್ತಿಕೊಂಡು ಒಳಗೆ ಹೋದಳು. ಅದು ನನಗೆ ಇನ್ನೂ ಕಷ್ಟವಾಯಿತು.

ಏನು ಮಾಡಲೂ ತೋಚದೆ ಸ್ಕ್ರೂಡ್ರೈವರ್ ಎತ್ತಿಕೊಂಡು ಬಾಗಿದೆ. ಅದು ನನ್ನ ಕೈಯನ್ನೂ ಎಳೆದುಕೊಂಡು ಹೋಗಿ ಪಿಕಪ್ಪಿಗೆ ಟಕ್ಕನೆ ಅಂಟಿತು. ನನ್ನ ತಲೆಯೊಳಗೂ ಟಕ್ ಎಂದಿತು. ಸ್ಕ್ರೂಡ್ರೈವರನ್ನೇ ಹೀಗೆ ಸೆಳೆಯುವ ಮ್ಯಾಗ್ನೆಟ್ಟು ಬಡಪಾಯಿ ತಂತಿಯನ್ನು ಬಿಟ್ಟೀತೇ? ರೋಟರು ಇದ್ದಲ್ಲೇ ತಿರುಗುತ್ತದೆ. ತಂತಿ ಕುಣಿಯಬೇಕು, ಅದಕ್ಕೆ ಜಾಗ ಬೇಕು.

"ನೀನು ಮೀಟ್ತಾನೇ ಇರಮ್ಮ" ಎಂದು ಸ್ಕ್ರೂ ಸಡಿಲಿಸುತ್ತಾ ಹೋದೆ. ತೂರಾಟ ಕಡಿಮೆಯಾಗುತ್ತಾ ಬಂತು.

"ಇನ್ನೊಂಚೂರು ಇಳಿಸಪ್ಪ... ಇನ್ನೊಂಚೂರು... ಹಾಂ! ಸಾಕು, ಮುಟ್ಬೇಡ!"

ಸ್ವರ ನೆಟ್ಟಗೆ ನಿಂತಿತು.

ಶನಿವಾರ ಅಂಗಡಿ ಮುಚ್ಚಿ ಕಾಲೇಜಿಗೆ ಹೋದೆ. ಹೆಂಡತಿಗೆ ಜ್ವರ, ಬರಲಾಗಲಿಲ್ಲ. ಮಗಳು ನುಡಿಸಿದಷ್ಟು ಹೊತ್ತೂ ಹಿಂದಿನ ಸಾಲಿನಲ್ಲಿ ಉಸಿರು ಬಿಗಿಹಿಡಿದು, ಎಲ್ಲಾದರೂ ವೊಂಯ್ ಅಂದೀತೇ ಎಂದು ಕಿವಿಗೊಟ್ಟಿದ್ದೆ. ಅನ್ನಲಿಲ್ಲ. ಚಪ್ಪಾಳೆ ಬಿದ್ದಾಗಲೇ ಹಾಡು ಮುಗಿದದ್ದು ನನಗೆ ಗೊತ್ತಾದದ್ದು.

ಮನೆಗೆ ಕಾಲಿಟ್ಟ ಕೂಡಲೇ ಹೆಂಡತಿ ಕಂಬಳಿಯೊಳಗಿನಿಂದ ಕೇಳಿದಳು: "ಹೆಂಗಾಯ್ತು ರೀ?"

"ಎಲ್ಲೂ ತಾಗ್ಲಿಲ್ಲ ಕಣೇ. ಸಂದು ಕರೆಕ್ಟಾಗೈತೆ."

"ನಾನು ಕೇಳಿದ್ದು ಮಗಳ ವಿಷ್ಯ ರೀ, ಮೋಟರ್ದಲ್ಲ!"