ಅತ್ತೆಗೆ ಗೆದ್ದುಕೊಟ್ಟ ಕೇಸು

ಹೆಬ್ಬಾಳದ ಕೆರೆಯಾಚೆಯ ಊರುಗಳಲ್ಲಿ ಪಂಚಾಯ್ತಿ ತಕರಾರು ಎದ್ದರೆ ಜನ ಬಸ್ಸು ಹತ್ತಿ ಯಲಹಂಕದ ವಕೀಲ ಮುನಿರಾಮಯ್ಯನವರ ಮನೆಗೆ ಬರುತ್ತಿದ್ದರು. ಸರ್ಕಾರ ಪಂಚಾಯ್ತಿಯನ್ನು ವಜಾ ಮಾಡಲಿ, ಚುನಾವಣೆಯನ್ನು ಮುಂದಕ್ಕೆ ಹಾಕಲಿ, ಅವರು ಹೈಕೋರ್ಟಿನಲ್ಲಿ ರಿಟ್ ಅರ್ಜಿ ಹಾಕಿ ಊರಿನ ಅಧಿಕಾರ ಊರಿಗೇ ಕೊಡಿಸುತ್ತಿದ್ದರು. ಊರವರೇ ಊರು ಆಳಬೇಕೆಂದು ಮನಸಾರೆ ನಂಬಿದ್ದವರು.

ಅವರನ್ನು ಓದಿಸಿದವರು ಸೋದರಮಾವ ಪಿಳ್ಳಪ್ಪ. ಹೆಣ್ಣು ಕೊಟ್ಟವರೂ ಅವರೇ. ೧೯೬೦ರಲ್ಲಿ ಪಿಳ್ಳಪ್ಪ ತಮ್ಮೂರ ಪಂಚಾಯ್ತಿಯ ಅಧ್ಯಕ್ಷರಾದರು. ಹೆಂಗಸರ ಮೀಸಲು ಜಾಗಕ್ಕೆ ತೀರಿಹೋದ ತಮ್ಮನ ಹೆಂಡತಿ ಮುನಿವೆಂಕಟಮ್ಮನನ್ನು ತಂದು ಕೂರಿಸಿದರು. ಆಕೆಯ ಒಂದು ಮತದ ಮೇಲೆ ಅವರ ಬಹುಮತ ನಿಂತಿತ್ತು. ಅಂಥಾದ್ದರಲ್ಲಿ ಆಕೆ ಸಭೆಗೆ ಬರುವುದನ್ನೇ ಬಿಟ್ಟರು. ಸತತ ಗೈರುಹಾಜರಿಯಿಂದ ಸದಸ್ಯತ್ವ ಹೋಯಿತೆಂದು ಎದುರು ಪಾರ್ಟಿಯವರು ಆದೇಶ ತಂದರು.

"ನೀನಿದ್ದೂ ನನ್ ಕುರ್ಚಿ ಓಗ್ಬೇಕೇನೋ?" ಎಂದರು ಪಿಳ್ಳಪ್ಪ ಅಳಿಯನಿಗೆ.

ವಕಾಲತ್ತಿಗೆ ಆಕೆಯ ಹೆಬ್ಬೆಟ್ಟನ್ನು ಮಾವನೇ ಒತ್ತಿಸಿಕೊಂಡು ಬಂದರು. ಊರಿನ ಆಳು ತೋಟಿ ಬಾಗಿಲಲ್ಲಿ ಕೂಗಿ ಹೋಗುವುದು ಸಭೆಯ ನೋಟೀಸಾಗುವುದಿಲ್ಲ, ಲಿಖಿತವಾಗಿ ಕೊಡಬೇಕು ಎಂದು ಮುನಿರಾಮಯ್ಯ ವಾದಿಸಿದರು. ಗೆದ್ದರು. ವಕೀಲರ ಸಂಘದಲ್ಲಿ ಹಿರಿಯರು ಬೆನ್ನು ತಟ್ಟಿದರು.

ಆ ವಾರವೇ ಮುನಿವೆಂಕಟಮ್ಮ ಒಬ್ಬರೇ ಯಲಹಂಕಕ್ಕೆ ಬಂದರು. ಚಾಪೆ ಹಾಸಿದರೂ ಕೂರಲಿಲ್ಲ.

"ತೋಟಿ ಕೂಗಿದ್ದು ನಂಗೆ ಕೇಳಿಸ್ತಿತ್ತು ಕಣಪ್ಪ. ಬೇಕಂತ್ಲೇ ಓಗ್ಲಿಲ್ಲ."

"ಯಾಕತ್ತೆ?"

"ಕೆರೆ ಮಣ್ಣು ಭಾವನ ಇಟ್ಟಿಗೆ ಗೂಡಿಗೆ ಅಂತ ಬರ್ಕೊಂಡ್ರಲ್ಲ, ಅದ್ಕೆ ನನ್ ಎಬ್ಬೆಟ್ಟೂ ಬಿದ್ದೈತೆ. ಕೆರೆ ತುಂಬಾ ಗುಂಡಿ, ದನ ಇಳಿಯಂಗಿಲ್ಲ. ಬಾವಿತಾವ ಒಬ್ಳೂ ನನ್ನ ಮಾತಾಡ್ಸಲ್ಲ. ಸಭೆಗೆ ಓಗ್ದೆ ಇದ್ರೆ ಅವ್ರೇ ತೆಗೀತಾರೆ ಅಂತ ಊರಾಗೆ ಯಾರೋ ಅಂದ್ರು. ತೆಗುದ್ರು. ನೀನು ತಿರ್ಗಾ ಎಳ್ಕೊಂಡೋಗಿ ಕೂರಿಸ್ದೆ."

ಮುನಿರಾಮಯ್ಯ ಯಾರ ಪರವಾಗಿ ಅಷ್ಟೆಲ್ಲ ವಾದಿಸಿದ್ದರೋ ಆಕೆಯನ್ನು ಒಂದು ಮಾತೂ ಕೇಳಿರಲಿಲ್ಲ. ರಾಜೀನಾಮೆ ಕೊಡಬಹುದಿತ್ತು, ಆದರೆ ಅದನ್ನು ಅಧ್ಯಕ್ಷರಿಗೇ ಕೊಡಬೇಕು. ಆದರೂ ಬರೆದರು, ಜೊತೆಯಲ್ಲಿ ತಾವೇ ಹೋದರು.

ಪಿಳ್ಳಪ್ಪ ಕಾಗದವನ್ನು ಓದಿಸಿ ಕೇಳಿಸಿಕೊಂಡು ಮಡಚಿ ಜೇಬಿಗಿಟ್ಟರು. ರೇಗಲಿಲ್ಲ. "ಇವಳು ಉಣ್ಣೋದು ಈ ಮನೇಲಿ. ನಿನ್ ಎಂಡ್ತಿ ಈ ಮನೆ ಮಗಳು. ಇನ್ನೂ ಏನಾರ ಏಳ್ಬೇಕೇನಪ್ಪ ವಕೀಲ?"

ರಾಜೀನಾಮೆ ಅಂಗೀಕರಿಸದ ಅಧ್ಯಕ್ಷರ ಮೇಲೆ ಹೇಗೆ ದಾವೆ ಹೂಡಬೇಕೆಂದು ಮುನಿರಾಮಯ್ಯನವರಿಗಿಂತ ಚೆನ್ನಾಗಿ ತಿಳಿದವರು ಆ ಕಡೆ ಇರಲಿಲ್ಲ. ಹೂಡಲಿಲ್ಲ. ಅವಧಿ ಮುಗಿಯುವವರೆಗೆ ಹೇಗಾದರೂ ತಡೆದುಕೊಳ್ಳಿ ಎಂದು ಅತ್ತೆಗೆ ಹೇಳಿ ಬಂದರು. ಆಕೆ ಸಭೆಗೆ ಹೋಗಿ, ತೋರಿಸಿದ ಕಡೆ ಹೆಬ್ಬೆಟ್ಟು ಒತ್ತತೊಡಗಿದರು.

ಅವಧಿ ಮುಗಿಯಿತು. ಸರ್ಕಾರ ಚುನಾವಣೆಯನ್ನು ಮುಂದೂಡಿ, ಎಲ್ಲ ಪಂಚಾಯ್ತಿಗಳಲ್ಲೂ ಇದ್ದವರೇ ಮುಂದುವರಿಯಲಿ ಎಂದಿತು; ಪಿಳ್ಳಪ್ಪ, ಮುನಿವೆಂಕಟಮ್ಮ ಇಬ್ಬರೂ ಉಳಿದರು. ಪಕ್ಕದೂರಿನ ಮುನಿಗಂಗಪ್ಪ ಹತ್ತಾರು ಜನರನ್ನು ಕಟ್ಟಿಕೊಂಡು ಬಂದ. "ನೀವೇ ರಿಟ್ ಆಕ್ಬೇಕು ಸ್ವಾಮಿ. ಇಂಥ ಕೇಸು ಇನ್ಯಾರ್ ಮಾಡ್ತಾರೆ?"

ಒಳಬಾಗಿಲಲ್ಲಿ ಕಾಫಿ ಲೋಟ ಹಿಡಿದು ಹೆಂಡತಿ ನಿಂತಿದ್ದರು.

"ಕೈತುಂಬಾ ಕೆಲಸ ಇದೆ ಕಣಪ್ಪ," ಎಂದರು ಮುನಿರಾಮಯ್ಯ. "ಬೇರೆ ಯಾರನ್ನಾದ್ರೂ ನೋಡ್ಕೊಳ್ಳಿ."