ಅತ್ತೆಯ ಬೆಕ್ಕಿಗೆ ಅನ್ನ ಸೇರದಾದಾಗ

ಮೊದಲೇ ಹೇಳಿಬಿಡುತ್ತೇನೆ, ನನಗೆ ಬೆಕ್ಕು ಕಂಡರೆ ಆಗುತ್ತಿರಲಿಲ್ಲ. ತವರಿನಲ್ಲಿ ಹಾಲಿನ ಪಾತ್ರೆಗೆ ಬಾಯಿ ಹಾಕಿದ ಬೆಕ್ಕಿನ ಮೇಲೆ ಸೌದೆ ಎಸೆದು ಬೆಳೆದವಳು ನಾನು. ಅಂಥವಳನ್ನು ಹದಿನೆಂಟು ತುಂಬುತ್ತಿದ್ದಂತೆ ತಂದು, ಬೆಕ್ಕು ಉಣ್ಣದೆ ತಾನು ಉಣ್ಣದ ಅತ್ತೆಯ ಕೈಗೆ ಕೊಟ್ಟರು.

ಐವತ್ತರ ದಶಕದ ಕೊನೆಯ ವರ್ಷಗಳು. ರಾಜಾಜಿನಗರಕ್ಕೆ ಹೆಸರಿನಲ್ಲಿ ನಗರ ಬಂದಿತ್ತು, ರಸ್ತೆಗೆ ಇನ್ನೂ ಬಂದಿರಲಿಲ್ಲ. ನಮ್ಮದು ಸಾಲಿನ ಕೊನೆಯ ಮನೆ. ಹಿತ್ತಲು ದಾಟಿದರೆ ರಾಗಿ ಹೊಲ, ಎಲ್ಲೂ ಒಂದು ಮರ ಇಲ್ಲದ್ದರಿಂದ ಗಾಳಿ ನೇರವಾಗಿ ಅಡುಗೆಮನೆಗೇ ನುಗ್ಗುತ್ತಿತ್ತು. ಯಜಮಾನರು ಕಾರ್ಖಾನೆಯೊಂದರಲ್ಲಿ ಗುಮಾಸ್ತರು. ಅತ್ತೆ ಹೇರೋಹಳ್ಳಿ ಕಡೆಯವರು. ಮಾವ ತೀರಿಕೊಂಡ ಮೇಲೆ ಮಗನ ಮನೆಗೆ ಬರುವಾಗ ಒಂದು ಟ್ರಂಕು ತಂದರು, ಒಂದು ಬಿದಿರು ಬುಟ್ಟಿ ತಂದರು. ಬುಟ್ಟಿಯ ಒಳಗೆ ಈ ಬೆಕ್ಕು. ಬೂದು ಬಣ್ಣದ ಹೆಣ್ಣು ಬೆಕ್ಕು, ಆಗಲೇ ಅದಕ್ಕೆ ಹದಿನಾಲ್ಕೋ ಹದಿನೈದೋ ವರ್ಷ. ಹೆಸರು ಗಿಸರು ಏನೂ ಇರಲಿಲ್ಲ. ಅತ್ತೆ ‘ಇವಳು’ ಅನ್ನುತ್ತಿದ್ದರು. ‘ಇವಳಿಗೆ ಹಾಕ್ದಾ?’ ಅಂತ. ಮನೆಗೆ ಬಂದ ಸೊಸೆಗೆ ‘ನೀನು ಉಂಡ್ಯಾ’ ಅಂತ ಕೇಳುವುದಕ್ಕೆ ಮೊದಲು ಬೆಕ್ಕಿನ ವಿಚಾರಣೆ! ನನಗೆ ಮೈಯೆಲ್ಲ ಉರಿಯುತ್ತಿತ್ತು.

ನಾವು ಲಿಂಗ ಕಟ್ಟಿದವರು. ಅತ್ತೆ ಬೆಳಗ್ಗೆ ಮಿಂದು, ವಿಭೂತಿ ಧರಿಸಿ, ಎಡ ಅಂಗೈಯಲ್ಲಿ ಇಷ್ಟಲಿಂಗ ಇಟ್ಟುಕೊಂಡು ಪೂಜೆಗೆ ಕೂತರೆ ಒಂದು ಗಂಟೆ. ಬೆಕ್ಕು ಅವರ ಮೊಣಕಾಲಿಗೆ ಒತ್ತಿಕೊಂಡು ಕಣ್ಣು ಮುಚ್ಚಿ ಮಲಗಿರುತ್ತಿತ್ತು. ಪೂಜೆ ಮುಗಿದ ಮೇಲೆ ಮೊದಲ ತುತ್ತು ಅದಕ್ಕೆ. ಅದು ತಿಂದಿತು ಅಂತ ಗೊತ್ತಾದ ಮೇಲೆ ಅತ್ತೆಯ ಊಟ, ಅದೂ ದಿನಕ್ಕೆ ಒಂದೇ ಊಟ. ಮಾವ ಹೋದ ದಿನದಿಂದ ಹೀಗೆ ನಡೆಸಿಕೊಂಡು ಬಂದಿದ್ದರಂತೆ. ಯಾಕೆ ಅಂತ ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ.

ಆ ವರ್ಷ ದೀಪಾವಳಿ ಕಳೆದ ಮೇಲೆ ಬೆಕ್ಕಿಗೆ ಅನ್ನ ಸೇರದಾಯಿತು. ಹಾಲನ್ನ ಇಟ್ಟರೆ ಹತ್ತಿರ ಬರುವುದು, ಮೂಸುವುದು, ಏನೋ ಅವಮಾನ ಆದ ಹಾಗೆ ಮುಖ ತಿರುಗಿಸಿ ಹೋಗುವುದು. ಹಿಂದಿನ ಹಲ್ಲುಗಳು ಉದುರಿದ್ದವು. ಬೆನ್ನ ಮೇಲೆ ಕೈಯಾಡಿಸಿದರೆ ಮೂಳೆಗಳು ಒಂದೊಂದಾಗಿ ಸಿಗುತ್ತಿದ್ದವು. ನೀರು ಮಾತ್ರ ಕುಡಿದೇ ಕುಡಿಯುತ್ತಿತ್ತು. ಅನ್ನವನ್ನು ಗಂಜಿಯ ಹಾಗೆ ನುಣ್ಣಗೆ ಹಿಸುಕಿದೆ, ಬೆಣ್ಣೆ ಹಾಕಿದೆ, ಕೆನೆ ಹಾಕಿದೆ, ಬೆರಳಿಗೆ ತುಪ್ಪ ಸವರಿ ಬಾಯಿಗೆ ಒತ್ತಿದೆ. ನನ್ನ ಬೆರಳು ಕಚ್ಚುವಷ್ಟು ಸಿಟ್ಟೂ ಅದರಲ್ಲಿ ಉಳಿದಿರಲಿಲ್ಲ. ಅತ್ತ ಅತ್ತೆ ತಟ್ಟೆಯ ಮುಂದೆ ಕೂತು ಕಾಯುತ್ತಿದ್ದರು. ‘ತಿಂತೇನೇ?’ ‘ಇನ್ನೂ ಇಲ್ಲ ಅತ್ತೆ.’ ‘ಆಯ್ತು ಬಿಡು, ನನಗೂ ಹಸಿವಿಲ್ಲ.’ ಹೀಗೆ ಹೇಳಿ ಒಂದು ಲೋಟ ಮಜ್ಜಿಗೆ ಕುಡಿದು ಎದ್ದುಬಿಡುತ್ತಿದ್ದರು. ಅರವತ್ತೈದು ದಾಟಿದ ಹೆಂಗಸು, ಕಣ್ಣಿಗೆ ಪೊರೆ ಬಂದಿತ್ತು, ಎದ್ದು ನಿಂತರೆ ಗೋಡೆ ಹಿಡಿಯುತ್ತಿದ್ದರು. ಬೆಕ್ಕಿನ ಜೊತೆ ಇವರನ್ನೂ ಕಳೆದುಕೊಳ್ಳುತ್ತೇವಲ್ಲಪ್ಪ ಅಂತ ನನಗೆ ಹೆದರಿಕೆ ಹತ್ತಿತು. ಜನ ಏನೆನ್ನುತ್ತಾರೆ? ಸೊಸೆ ಬಂದು ಆರು ತಿಂಗಳಿಗೆ ಅತ್ತೆಯನ್ನು ಉಪವಾಸ ಕೆಡವಿದಳು ಅನ್ನುತ್ತಾರೆ.

ಯಜಮಾನರು ದನದ ಆಸ್ಪತ್ರೆಯ ಹತ್ತಿರ ಹೋಗಿ ಕಾಂಪೌಂಡರ್ ಒಬ್ಬರನ್ನು ಕೇಳಿಕೊಂಡು ಬಂದರು. ಬಂದವರು ಹಿತ್ತಲಿಗೆ ಕರೆದು ಪಿಸುಗುಟ್ಟಿದರು. ‘ವಯಸ್ಸಾಗಿದೆ, ಔಷಧಿ ಏನೂ ಇಲ್ಲವಂತೆ. ಮೀನಿನ ವಾಸನೆ ತೋರಿಸಿ ನೋಡಿ, ತಿಂದರೂ ತಿಂದೀತು ಅಂದ್ರು. ಅಮ್ಮನ ಕಿವಿಗೆ ಬೀಳಿಸಬೇಡ ಕಣೇ.’ ಇಷ್ಟು ಹೇಳಿ ಸೈಕಲ್ ಹತ್ತಿ ಹೊರಟುಹೋದರು. ಗಂಡಸರ ಪಾಲಿನ ಕೆಲಸ ಅಲ್ಲಿಗೆ ಮುಗಿಯಿತು.

ಪಕ್ಕದ ಮನೆಯಲ್ಲಿ ಬಿನ್ನಿಪೇಟೆಯ ಗಿರಣಿಗೆ ಹೋಗುವವರೊಬ್ಬರ ಸಂಸಾರವಿತ್ತು. ತಮಿಳಿನವರು. ಅವರ ಹೆಂಡತಿ ವಾರಕ್ಕೆ ಮೂರು ದಿನ ಒಣಮೀನು ಹುರಿಯುತ್ತಿದ್ದರು. ಆ ವಾಸನೆಗೆ ಕಿಟಕಿ ಮುಚ್ಚಿ ಮೂಗು ಮುರಿಯುತ್ತಿದ್ದ ನಾನೇ ಬೇಲಿಯ ಹತ್ತಿರ ನಿಂತು, ನಾಚಿಕೆ ಬಿಟ್ಟು ಕೇಳಿದೆ. ಆಕೆ ಬಿದ್ದು ಬಿದ್ದು ನಕ್ಕರು.

‘ಅಯ್ಯಯ್ಯೋ, ನಿಮ್ಮನೆ ಬೆಕ್ಕು ಸನ್ಯಾಸಿ ಅಂದ್ಕೊಂಡಿದ್ದೆ ನಾನು! ತಗೊಂಡು ಬಾ ಕಣಮ್ಮ. ನಮ್ಮನೇಲೇ ಹಾಕ್ತೀನಿ, ನಿಮ್ಮತ್ತೆಗೆ ಗೊತ್ತಾಗಲ್ಲ.’

ಮಾರನೆಯ ಬೆಳಗ್ಗೆ ಅತ್ತೆ ಸ್ನಾನಕ್ಕೆ ಹೋದ ಹೊತ್ತಿನಲ್ಲಿ ಬೆಕ್ಕನ್ನು ಸೆರಗಿನಲ್ಲಿ ಸುತ್ತಿಕೊಂಡು ಬೇಲಿ ದಾಟಿದೆ. ಆಕೆ ಮೀನಿನ ಸಾರಿನಲ್ಲಿ ಒಂದು ಚೂರು ಕಿವುಚಿ ಇಟ್ಟರು. ಬೆಕ್ಕು ಮೂಸಿತು. ಅದು ನಾಲಗೆ ಚಾಚಿ ಒಮ್ಮೆ ನೆಕ್ಕಿತು, ತಲೆ ಎತ್ತಿ ನನ್ನನ್ನು ನೋಡಿತು, ಆಮೇಲೆ ತಟ್ಟೆ ಬರಿದಾಗುವ ತನಕ ತಲೆಯನ್ನೇ ಎತ್ತಲಿಲ್ಲ. ನನಗೆ ಅಳು ಬಂದುಬಿಟ್ಟಿತು. ಬೆಕ್ಕು ಕಂಡರೆ ಆಗದ ನಾನು, ಪರರ ಮನೆಯ ಹಿತ್ತಲಲ್ಲಿ ಕೂತು, ಒಂದು ಬೆಕ್ಕು ಮೀನು ತಿಂದಿತು ಅಂತ ಕಣ್ಣೀರು ಹಾಕಿದೆ!

ಮುಂದೆ ನಾನು ಮಾಡಿದ್ದನ್ನು ಹೇಳಬೇಕು. ಮೀನು ತಿಂದ ಬಾಯಿ, ಮೀನು ಸೋಕಿದ ಮೈ. ಅದನ್ನು ಹಾಗೇ ತಂದು ಪೂಜೆಗೆ ಕೂತ ಅತ್ತೆಯ ಮೊಣಕಾಲಿನ ಪಕ್ಕ ಬಿಡುವುದು ಹೇಗೆ? ನನ್ನ ತವರಿನಲ್ಲಿ ಕ್ಷೌರ ಮಾಡಿಸಿಕೊಂಡು ಬಂದವರು, ಸಾವಿನ ಮನೆಗೆ ಹೋಗಿ ಬಂದವರು, ಯಾರೇ ಆಗಲಿ, ಮೀಯದೆ ಪೂಜೆಯ ಕೋಣೆಯ ಹೊಸ್ತಿಲು ಮೆಟ್ಟುವಂತಿರಲಿಲ್ಲ. ಅದರಲ್ಲೇ ಬೆಳೆದ ತಲೆಗೆ ಬೇರೆ ಏನೂ ಹೊಳೆಯಲಿಲ್ಲ. ಹಂಡೆಯಿಂದ ಬಿಸಿನೀರು ತಗೊಂಡು, ಸೀಗೆಕಾಯಿ ಹಚ್ಚಿ, ಆ ಮೂಳೆಗೂಡನ್ನು ಮೂತಿಯಿಂದ ಬಾಲದ ತನಕ ತೊಳೆದೆ. ಅದು ಕೂಗಲಿಲ್ಲ, ಪರಚಲಿಲ್ಲ, ಹಿತ್ತಲಿನ ಒಗೆಯುವ ಕಲ್ಲಿನ ಮೇಲೆ ನಡುಗುತ್ತ ನಿಂತಿತ್ತು. ಹಳೇ ಸೀರೆಯಲ್ಲಿ ಒರೆಸಿ, ಒಂದಿಷ್ಟು ಹೊತ್ತು ಬಿಸಿಲಿಗಿಟ್ಟು ಒಳಗೆ ತಂದೆ. ಅತ್ತೆಗೆ ಪೊರೆ ಬಂದದ್ದು ಕಣ್ಣಿಗೆ, ಮೂಗಿಗಲ್ಲ.

‘ಇವಳ ಮೈ ಸೀಗೆಕಾಯಿ ವಾಸ್ನೆ ಬರ್ತಾ ಇದೆಯಲ್ಲೇ?’

‘ಚಿಗಟ ಆಗಿತ್ತು ಅತ್ತೆ, ತೊಳೆದೆ.’

‘ಒಳ್ಳೇದ್ ಮಾಡ್ದೆ ಬಿಡು. ತಿಂತಾ?’

‘ತಿಂತು ಅತ್ತೆ. ತಟ್ಟೆ ಎಲ್ಲಾ ನೆಕ್ತು.’

ಅವತ್ತು ಅತ್ತೆ ಎರಡು ಸಲ ಅನ್ನ ಹಾಕಿಸಿಕೊಂಡು ಉಂಡರು. ನಾನು ಗೆದ್ದೆ ಅಂದುಕೊಂಡೆ.

ಐದು ದಿನ ಹೀಗೇ ನಡೆಯಿತು. ಬೇಲಿ, ಮೀನು, ಹಂಡೆ, ಸೀಗೆಕಾಯಿ, ಅತ್ತೆಯ ಊಟ. ಬೆಕ್ಕಿಗೆ ನೀರು ಹಾಕಬಾರದು ಅಂತ ನಿನಗೆ ಗೊತ್ತಿರಲಿಲ್ಲವೇ ಅಂದರೆ, ಗೊತ್ತಿತ್ತು. ಪಕ್ಕದ ಮನೆಯಾಕೆಯೂ ಒಂದು ದಿನ ಬೇಲಿಯಾಚೆಯಿಂದ ಕೂಗಿದರು. ‘ಏನಮ್ಮ ಇದು, ದಿನಾ ಸ್ನಾನ? ಮೂತಿ ಒರೆಸಿದ್ರೆ ಸಾಕಾಗಲ್ವಾ?’ ನಾನು ಮುಖ ಗಂಟಿಕ್ಕಿಕೊಂಡೆ. ಮೀನು ತಿನ್ನುವವರು ನನಗೆ ಮಡಿ ಹೇಳಿಕೊಡುತ್ತಾರಲ್ಲ ಅಂತ ಮನಸ್ಸಿನಲ್ಲಿ ಅಂದುಕೊಂಡೆ ಕೂಡ. ಇವತ್ತು ಅದನ್ನು ಬರೆಯಲು ನಾಚಿಕೆಯಾಗುತ್ತದೆ.

ಆರನೆಯ ದಿನ ಮೋಡ. ಬೆಳಗಿನಿಂದ ಜಿಟಿಜಿಟಿ ಹನಿ, ಹೊಲದ ಕಡೆಯಿಂದ ಕೊರೆಯುವ ಗಾಳಿ. ಬಿಸಿಲಿಲ್ಲ. ಇವತ್ತೊಂದು ದಿನ ಬೇಡ ಅಂತ ಕೈ ಹಿಂಜರಿಯಿತು, ಆದರೂ ತೊಳೆದೆ. ಒಲೆಯ ಮುಂದೆ ಹಿಡಿದುಕೊಂಡು ಕೂತರೂ ಒಳಗಿನ ತೇವ ಆರಲಿಲ್ಲ. ಸಂಜೆಗೆ ಅದು ಸೀನಿತು. ಮಾರನೆಯ ದಿನ ಮೂಗಿನ ಎರಡೂ ಹೊಳ್ಳೆ ಕಟ್ಟಿಕೊಂಡು ಬಾಯಲ್ಲಿ ಉಸಿರಾಡುತ್ತಿತ್ತು. ಬೇಲಿ ದಾಟಿಸಿ ಮೀನಿನ ಮುಂದೆ ಬಿಟ್ಟರೆ, ಅದು ಎದುರಿಗಿರುವುದೇ ತಿಳಿಯದವರ ಹಾಗೆ ಕೂತಿತ್ತು. ವಾಸನೆಯೇ ಸಿಗದಿದ್ದರೆ ಬೆಕ್ಕು ಏನನ್ನು ತಿನ್ನುತ್ತದೆ? ಪಕ್ಕದ ಮನೆಯಾಕೆ ನನ್ನ ಮುಖ ನೋಡಿದರು. ಬೈದಿದ್ದರೆ ವಾಸಿಯಿತ್ತು.

ಆಮೇಲಿನ ಮೂರು ದಿನ ಬೆಕ್ಕು ಅತ್ತೆಯ ಮಡಿಲು ಬಿಟ್ಟು ಇಳಿಯಲಿಲ್ಲ. ಹಾಗಾಗಿ ತಿಂತು ಅಂತ ಸುಳ್ಳು ಹೇಳುವುದಕ್ಕೂ ದಾರಿಯಿರಲಿಲ್ಲ. ನೀಲಗಿರಿ ಎಣ್ಣೆ ತೀಡಿದೆ, ಬಟ್ಟೆ ಕಾಯಿಸಿ ಶಾಖ ಕೊಟ್ಟೆ, ಹತ್ತಿಯಲ್ಲಿ ಹಾಲು ಅದ್ದಿ ತುಟಿಗೆ ಹಿಂಡಿದೆ. ಹಾಲು ಪಕ್ಕದಿಂದ ಸುರಿದು ಅತ್ತೆಯ ಸೀರೆ ಒದ್ದೆಯಾಯಿತು. ಅತ್ತೆ ಮಜ್ಜಿಗೆಯನ್ನೂ ಬಿಟ್ಟು ಪೂಜೆಯ ನೀರು ಮಾತ್ರ ತೆಗೆದುಕೊಳ್ಳುತ್ತಿದ್ದರು. ಮಗ ಬಂದು ಗದರಿದರೆ, ‘ಹೋಗೋ, ನಿನ್ ಕೆಲ್ಸ ನೋಡ್ಕೋ ಹೋಗು’ ಅಂದರು. ನಾನು ಕಾಲಿಗೆ ಬಿದ್ದು ಬೇಡಿಕೊಂಡೆ. ‘ನಾನೇನು ಹಟ ಮಾಡ್ತಾ ಇದೀನೇನೇ? ಇಳಿಯಲ್ಲ ಕಣೇ ಗಂಟಲಲ್ಲಿ’ ಅಂದರು. ಒಂದು ಮಾತು ಬಾಯಿಬಿಟ್ಟು ಹೇಳಿದರೆ ಎದೆ ಹಗುರವಾಗುತ್ತಿತ್ತು. ಆದರೆ ಏನಂತ ಹೇಳಲಿ? ನಿಮ್ಮ ಬೆಕ್ಕಿಗೆ ಮೀನು ತಿನ್ನಿಸಿದೆ, ನಿಮ್ಮ ಪೂಜೆ ಕೆಡಬಾರದು ಅಂತ ಅದನ್ನು ಚಳಿಗೆ ಒಡ್ಡಿದೆ, ಅಂತಲೇ?

ಮೂರನೆಯ ದಿನ ಮಧ್ಯಾಹ್ನ ಪಕ್ಕದ ಮನೆಯಿಂದ ಹುರಿಯುವ ವಾಸನೆ ಬಂತು. ಅಭ್ಯಾಸಬಲದಿಂದ ಕಿಟಕಿ ಮುಚ್ಚಲು ಎದ್ದೆ.

‘ಇರ್ಲಿ, ಮುಚ್ಚಬೇಡ,’ ಅಂದರು ಅತ್ತೆ. ‘ಆಯಮ್ಮನ ಹತ್ರ ಹೋಗಿ ಒಂದು ಚೂರು ಇಸ್ಕೊಂಡು ಬಾ.’

‘ಏನನ್ನು ಅತ್ತೆ?’

‘ಅದೇ, ಮೀನು.’

‘ಅತ್ತೆ, ಮೀನು... ನಮ್ಮನೆ ಒಳಗೆ...’

‘ಲಿಂಗ ಕಟ್ಟಿರೋದು ನನಗೆ ಕಣೇ. ಇವಳಿಗೆ ಯಾರು ಕಟ್ಟಿದ್ರು? ಹೋಗು ಬೇಗ.’

ಅಷ್ಟು ಸಲೀಸು ಮಾತು ಅದು. ಹತ್ತು ದಿನ ಮೊದಲು ನಾನು ಬಾಯಿಬಿಟ್ಟು ಕೇಳಿದ್ದರೆ ಇದೇ ಮಾತು ಹೇಳಿರುತ್ತಿದ್ದರು. ಬೇಲಿಯೂ ಬೇಡ, ಹಂಡೆಯೂ ಬೇಡ. ಅತ್ತೆಯ ಮಡಿಗೆ ನಾನೇ ಎಲ್ಲೆ ಹಾಕಿ, ನಾನೇ ಅದಕ್ಕೆ ಹೆದರಿ, ಬೆಕ್ಕನ್ನು ಅದರಲ್ಲಿ ಸಿಕ್ಕಿಸಿದ್ದೆ.

ಪಕ್ಕದ ಮನೆಯಾಕೆ ಮುಳ್ಳು ಬಿಡಿಸಿ, ಎಲೆಯಲ್ಲಿ ಇಟ್ಟುಕೊಂಡು, ತಾವೇ ನಮ್ಮ ಮನೆಯ ಒಳಗೆ ಬಂದರು. ಅದೇ ಮೊದಲ ಸಲ. ಅತ್ತೆ ಎಡಗೈ ಚಾಚಿದರು. ದಿನಾ ಲಿಂಗ ಇಟ್ಟುಕೊಳ್ಳುವ ಅಂಗೈ ಅದು. ಅದರ ಮೇಲೆ ಮೀನಿನ ಚೂರು ಹಾಕಿಸಿಕೊಂಡು ಬೆಕ್ಕಿನ ಬಾಯಿಯ ಹತ್ತಿರ ಹಿಡಿದರು. ‘ತಿನ್ನು ತಾಯಿ. ತಿನ್ನು, ಒಂದೇ ಒಂದು ಚೂರು. ಯಾರೂ ಏನೂ ಅನ್ನಲ್ಲ.’ ಬೆಕ್ಕು ಕಣ್ಣು ಅರೆ ತೆರೆದು ನೋಡಿತು. ಬಾಯಿ ತೆರೆಯಲಿಲ್ಲ. ಅತ್ತೆ ಕೈ ಸೋತರೂ ಇಳಿಸದೆ ಹಾಗೇ ಹಿಡಿದಿದ್ದರು. ಕೊನೆಗೆ ಪಕ್ಕದ ಮನೆಯಾಕೆ ಆ ಕೈಯನ್ನು ಮೆಲ್ಲಗೆ ಕೆಳಗಿಳಿಸಿದರು. ಸಂಜೆ ದೀಪ ಹಚ್ಚುವ ಹೊತ್ತಿಗೆ ಬೆಕ್ಕು ಹೋಗಿತ್ತು.

ಅತ್ತೆ ಮಾರನೆಯ ದಿನ ಸ್ನಾನ ಮಾಡಿ, ಪೂಜೆ ಮುಗಿಸಿ, ನಾನು ಕಲಸಿಕೊಟ್ಟ ಮಜ್ಜಿಗೆ ಅನ್ನ ನಾಲ್ಕು ತುತ್ತು ಉಂಡರು. ಕೈ ತೊಳೆಯುವಾಗ ಹೇಳಿದರು, ‘ತಪ್ಪು ನಂದೇ ಕಣೇ. ಮೀನು ಹಾಕೋಣ ಅಂತ ನನಗೆ ಮೊದಲೇ ಹೊಳೆದಿದ್ರೆ ಬದುಕ್ತಿತ್ತೇನೋ. ನಮ್ಮ ಮಡಿ ನೋಡ್ಕೊಂಡು ಕೂತು ಅದರ ಹೊಟ್ಟೆ ಮೇಲೆ ಹೊಡೆದೆ.’

ನಾನು ಅವರ ಕೈಗೆ ನೀರು ಹಾಕುತ್ತಿದ್ದೆ. ಅಲ್ಲ ಅತ್ತೆ ಅನ್ನಬೇಕಿತ್ತು, ಅನ್ನಲಿಲ್ಲ. ಆಮೇಲೆ ಹನ್ನೊಂದು ವರ್ಷ ಅವರು ನನ್ನ ಜೊತೆಯಲ್ಲೇ ಇದ್ದರು. ಆಗಾಗ ಆ ಮಾತು ತೆಗೆದು ತಮ್ಮನ್ನೇ ಬೈದುಕೊಳ್ಳುತ್ತಿದ್ದರು. ಪ್ರತಿ ಸಲವೂ ಹೇಳಿಬಿಡೋಣ ಅಂದುಕೊಳ್ಳುತ್ತಿದ್ದೆ. ಅವರು ಹೋಗುವ ತನಕವೂ ನಾನು ಹೇಳಲಿಲ್ಲ.