ಕೆರೆ ಏರಿಯ ಜಾಲಿಮುಳ್ಳು

ಪಿರಿಯಾಪಟ್ಟಣದ ತಂಬಾಕು ವ್ಯಾಪಾರಿ ಗಂಗಾಧರಪ್ಪನವರ ಮನೆಗೆ ಗ್ರಾಮಾಫೋನ್ ಬಂದದ್ದು ಕೊಡಗಿನ ಕಾಫಿತೋಟದ ಬಿಳಿ ದೊರೆಯೊಬ್ಬ ಸಾಮಾನೆಲ್ಲ ಮಾರಿ ತನ್ನ ಸೀಮೆ ಇಂಗ್ಲೆಂಡಿಗೆ ಹೊರಟಾಗ. ತಂದವರು ಅವರಾದರೂ ಅದು ಸೇರಿದ್ದು ಹೆಂಡತಿ ನೀಲಾಂಬಿಕೆಯ ಕೈಗೆ. ಮಧ್ಯಾಹ್ನ ಅತ್ತೆ ವೀರಮ್ಮನವರು ಒರಗಿದ ಮೇಲೆ ಆಕೆ ಪಡಸಾಲೆಯಲ್ಲಿ ಕೀ ಕೊಟ್ಟು ಪ್ಲೇಟು ಹಾಕಿಕೊಂಡು ಕೂರುತ್ತಿದ್ದಳು. ಸಂಗೀತವನ್ನು ಆಕೆಗೆ ಯಾರೂ ಹೇಳಿಕೊಟ್ಟಿರಲಿಲ್ಲ.

ಒಂದು ಸಲ ಡಬ್ಬಿಯಲ್ಲಿದ್ದ ಉಕ್ಕಿನ ಸೂಜಿಗಳು ಮುಗಿದವು. ಮೈಸೂರಿಂದ ತರಿಸುವವರೆಗೆ ಕಾಯಲಾರದೆ ನೀಲಾಂಬಿಕೆ ಹಿತ್ತಲ ಬೇಲಿಯಿಂದ ಒಣಗಿದ ಜಾಲಿಮುಳ್ಳೊಂದನ್ನು ಮುರಿದು, ಬುಡ ಕತ್ತರಿಸಿ, ಸೂಜಿಯ ಜಾಗಕ್ಕೆ ಸಿಕ್ಕಿಸಿ ತಿರುಪು ಬಿಗಿದಳು. ದನಿ ಸ್ವಲ್ಪ ತಗ್ಗಿತು. ಆದರೆ ಸಾಸಿವೆ ಸಿಡಿದಂತೆ ಕೇಳುತ್ತಿದ್ದ ಚಟಚಟ ಹೋಯಿತು. ಮೈಸೂರಿಂದ ಹೊಸ ಡಬ್ಬಿ ಬಂದ ಮೇಲೂ ಆಕೆ ಉಕ್ಕಿನ ಸೂಜಿ ಮುಟ್ಟಲಿಲ್ಲ.

ಬರುಬರುತ್ತಾ ಹಿತ್ತಲ ಮುಳ್ಳೂ ಸಾಲದೆನಿಸಿತು. ಕೆರೆ ಏರಿಯ ಜಾಲಿಮುಳ್ಳು ಹಾಕಿದರೆ ಹೆಣ್ಣುದನಿ ಇನ್ನೂ ತಿಳಿಯಾಗಿ ಬರುತ್ತದೆ ಎಂದಳು. ಸಂತೆ ಮುಗಿದ ಮಾರನೆಯ ಸಂಜೆ ಪಕ್ಕದ ಮನೆಯ ಪುಟ್ಟಮಲ್ಲಮ್ಮನ ಜೊತೆ ಏರಿಗೆ ಹೋಗಿ ಮುಳ್ಳು ಆರಿಸಿ ತರುವುದು ರೂಢಿಯಾಯಿತು. ಸೊಸೆ ಹೀಗೆ ತಿರುಗುವುದು ವೀರಮ್ಮನವರಿಗೆ ಹಿಡಿಸಲಿಲ್ಲ.

“ಮುಳ್ಳಲ್ಲೂ ಮೇಲು ಕೀಳು ಐತಾ? ಕೇಳಿದೋರು ನಗ್ತಾರೆ ಕಣೋ,” ಎಂದು ಮಗನನ್ನು ತರಾಟೆಗೆ ತೆಗೆದುಕೊಂಡರು.

೧೯೫೪ರ ಒಂದು ಭಾನುವಾರ ಗಂಗಾಧರಪ್ಪನವರ ಗೆಳೆಯ, ಹೈಸ್ಕೂಲಿನ ವಿಜ್ಞಾನದ ಮೇಷ್ಟ್ರು ಗೋವಿಂದಯ್ಯ ಕಾಫಿಗೆ ಬಂದಾಗ ಈ ಮಾತು ಎದ್ದಿತು. “ಜಗಳ ಯಾಕೆ? ಪರೀಕ್ಷೆ ಮಾಡಿಬಿಡೋಣ,” ಎಂದರು ಮೇಷ್ಟ್ರು. ಪಡಸಾಲೆಗೆ ಅಡ್ಡಲಾಗಿ ಜಮಖಾನ ಕಟ್ಟಿ, ಗ್ರಾಮಾಫೋನ್ ಅದರ ಹಿಂದಿಟ್ಟು ತಾವೂ ಅಲ್ಲೇ ಕೂತರು. ಎರಡರಲ್ಲಿ ಯಾವ ಸೂಜಿ ಹಾಕಬೇಕೆಂಬುದನ್ನು ಪ್ರತಿ ಸಲ ನಾಣ್ಯ ಚಿಮ್ಮಿ ತೀರ್ಮಾನಿಸಿದರು. ನೀಲಾಂಬಿಕೆ ಈಚೆ ಚಾಪೆಯ ಮೇಲೆ ಕೂತಳು.

ಉಕ್ಕು, ಮುಳ್ಳು ಎರಡನ್ನೂ ಆಕೆ ಒಮ್ಮೆಯೂ ತಪ್ಪದೆ ಗುರುತಿಸಿದಳು. ಗಂಗಾಧರಪ್ಪನವರು ಹೆಮ್ಮೆಯಿಂದ ಅವ್ವನ ಕಡೆ ನೋಡಿದರು.

ಆಮೇಲೆ ಹಿತ್ತಲ ಮುಳ್ಳು, ಕೆರೆಯ ಮುಳ್ಳು.

“ಕೆರೇದು,” ಎಂದಳು ಧೈರ್ಯವಾಗಿ. ಹಿತ್ತಲದ್ದಾಗಿತ್ತು. ಮುಂದಿನದು ಸರಿಯಾಯಿತು, ಅದರಾಚೆಯದು ತಪ್ಪಿತು. ಕೊನೆಗೆ ಲೆಕ್ಕ ಹಾಕಿದರೆ ಅರ್ಧಕ್ಕರ್ಧ.

“ಇನ್ನೊಂದು ಸಲ ಹಾಕಿ ಮೇಷ್ಟ್ರೇ,” ಎಂದಳು ನೀಲಾಂಬಿಕೆ.

ಮತ್ತೆ ಅದೇ ಕಥೆ. ಆಕೆಯ ಮುಖ ಬಿಸಿಯಾಯಿತು. ಇಷ್ಟು ತಿಂಗಳು ತನಗೆ ಅಷ್ಟು ಚೆನ್ನಾಗಿ ಕೇಳಿಸಿದ್ದು ಏನು?

“ನೀವು ಸುಳ್ಳು ಹೇಳಿದ್ರಿ ಅಂತಲ್ಲ ತಾಯಿ,” ಎಂದರು ಗೋವಿಂದಯ್ಯ ಜಮಖಾನ ಸರಿಸುತ್ತಾ. “ಕೆರೇದು ಅಂತ ಗೊತ್ತಿದ್ದಾಗ ಹಾಗೆ ಕೇಳಿಸಿರುತ್ತೆ. ನನಗಾದರೂ ಅಷ್ಟೇ.”

“ಸದ್ಯ, ಇನ್ನು ಕೆರೆ ಕಡೆ ಓಗೋದು ತಪ್ತು ಬುಡು,” ಎಂದರು ವೀರಮ್ಮನವರು. ಸೋತದ್ದಕ್ಕಿಂತ ಈ ಮಾತು ನೀಲಾಂಬಿಕೆಯನ್ನು ಹೆಚ್ಚು ಚುಚ್ಚಿತು.

ಮುಂದಿನ ಸಂತೆಯ ಮಾರನೆಯ ದಿನ ಆಕೆ ಹಿತ್ತಲ ಮುಳ್ಳನ್ನೇ ಹಾಕಿ ಕೇಳಿದಳು. ಎಲ್ಲೂ ಕುಂದು ಕಾಣಲಿಲ್ಲ. ಸಂಜೆ ಬಾಗಿಲಲ್ಲಿ ಪುಟ್ಟಮಲ್ಲಮ್ಮ ಕೂಗಿದಾಗ ನೇರವಾಗಿ ಅತ್ತೆಯ ಮುಂದೆ ಹೋಗಿ ನಿಂತಳು.

“ಅತ್ತೆ, ಮೇಷ್ಟ್ರು ತೋರಿಸಿದ್ದು ದಿಟ. ಎರಡು ಮುಳ್ಳೂ ಒಂದೇ. ಮುಳ್ಳಿಗೆ ಅಂತ ಇನ್ನು ಹೋಗಲ್ಲ. ಸುಮ್ನೆ ಗಾಳಿಗೆ ಏರಿ ಮೇಲೆ ಹೋಗ್ಬತ್ತೀನಿ.”

ಸುಮ್ಮನೆ ಹೋಗಿಬರುತ್ತೇನೆಂದು ಆ ಮನೆಯ ಸೊಸೆಯಂದಿರು ಯಾರೂ ಕೇಳಿದ್ದಿಲ್ಲ. ವೀರಮ್ಮನವರು ಮಗನ ಮುಖ ನೋಡಿದರು. ಗಂಗಾಧರಪ್ಪನವರು ಎಲೆಗೆ ಸುಣ್ಣ ಸವರಿ ಮಡಿಸಿದರು.

“ಓಗ್ಬರ್ಲಿ ಬುಡವ್ವ. ಕತ್ತಲಾಗೋದ್ರೊಳಗೆ ಬಂದ್ರೆ ಆಯ್ತು.”

ಅಂದು ನೀಲಾಂಬಿಕೆ, ಪುಟ್ಟಮಲ್ಲಮ್ಮ ಇಬ್ಬರೂ ಬರಿಗೈ ಬೀಸಿಕೊಂಡು ಏರಿಯ ತುದಿಯವರೆಗೂ ನಡೆದುಬಂದರು. ವೀರಮ್ಮನವರು ಕೆಲವು ದಿನ ಸೊಸೆಯೊಂದಿಗೆ ಮಾತು ಬಿಟ್ಟಿದ್ದರು. ಆಮೇಲೆ ಬಸ್ಸಾರಿಗೆ ಉಪ್ಪು ಸಾಲದೆಂದು ತಾವೇ ಬಾಯಿ ಬಿಟ್ಟರು.